ಎರವಿನ ನಡಿಗೆ

ಹಂಪವ್ವ ಕೂತು ಇಪ್ಪತ್ತೊಂದು ವರ್ಷವಾಗಿತ್ತು.

ಹಾಗೆಂದರೆ ನಗಬೇಡಿ. ಗುಳೇದಗುಡ್ಡದ ಆ ನೇಕಾರ ಓಣಿಯಲ್ಲಿ ಸೊಸೆ ಹೊಸ್ತಿಲು ದಾಟಿ ಒಳಗೆ ಬಂದಳೆಂದರೆ ಅತ್ತೆ ಕೂತಳೆಂದೇ ಲೆಕ್ಕ. ಪಡಸಾಲೆಯ ಗೋಡೆಗೊಂದು ದಿಂಬು, ಪಕ್ಕದಲ್ಲಿ ಎಲೆಅಡಿಕೆಯ ಡಬ್ಬಿ, ಎದುರಿಗೆ ತೆರೆದ ಬಾಗಿಲು. ನೀರು ಬೇಕಾದರೆ ಕೂಗಬೇಕು, ಎದ್ದು ತಂದುಕೊಳ್ಳಬಾರದು. ತಂದುಕೊಂಡರೆ ಕಂಡವರು ಬಾಯಿಗೆ ಸೆರಗು ಹಿಡಿದು, "ಪಾಪ, ಸೊಸಿ ನೋಡಂಗಿಲ್ಲ ಕಾಣ್ತದ" ಎನ್ನುತ್ತಾರೆ. ಸೊಸೆ ಶಿವಲೀಲಾ ಮನೆಗೆ ಬಂದಾಗ ಹಂಪವ್ವನಿಗೆ ಐವತ್ತೊಂದು. ಮೈಯಲ್ಲಿ ಇನ್ನೂ ಎರಡು ಮಗ್ಗ ತುಳಿಯುವ ಕಸುವಿತ್ತು. ಆದರೂ ಕೂತಳು, ರಾಣಿ ಕೂತ ಹಾಗೆ. ಕಾಲುಗಳು ಮೊದಮೊದಲು ಕೇಳಿದವು, ಏಳೋಣವೇ, ಅಂಗಳದ ತನಕ ಹೋಗಿ ಬರೋಣವೇ ಎಂದು. ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಅವೂ ಕೇಳುವುದನ್ನು ಬಿಟ್ಟವು.

ಎಪ್ಪತ್ತೆರಡನೆಯ ವರ್ಷದ ಒಂದು ಬೆಳಿಗ್ಗೆ ಹಿತ್ತಲಿನ ಪಾಯಿಖಾನೆಗೆಂದು ಎದ್ದವಳು ನಡುಮನೆಯಲ್ಲೇ ಕುಸಿದಳು. ಎಲುಬು ಮುರಿದಿರಲಿಲ್ಲ. ಸುಮ್ಮನೆ ಕಾಲುಗಳು ಎಲ್ಲಿದ್ದವೋ ಅಲ್ಲೇ ಉಳಿದವು. ಅಂದಿನಿಂದ ಸೊಸೆ ಲೀಲಾಳೇ ಎತ್ತಬೇಕು, ಕೂರಿಸಬೇಕು, ಪಾಯಿಖಾನೆಯ ಬಾಗಿಲಲ್ಲಿ ಮುಖ ತಿರುಗಿಸಿ ನಿಲ್ಲಬೇಕು. ಊರಿನಲ್ಲಿ ಎಲ್ಲ ಮಾನವನ್ನೂ ಕೂತೇ ಗಳಿಸಿದ್ದ ಹಂಪವ್ವನಿಗೆ ಇದೊಂದು ಮಾನ ಮಾತ್ರ ನಡೆದೇ ಉಳಿಸಿಕೊಳ್ಳಬೇಕಾದದ್ದು ಎಂದು ಆಗ ತಿಳಿಯಿತು. "ನಾ ಒಬ್ಬಾಕೇನ ಹೋಗಿ, ಒಳಗಿಂದ ಚಿಲಕಾ ಹಾಕ್ಕೊಂಡರ ಸಾಕೋ ಮುರಿಗ್ಯಾ. ಮತ್ತೇನೂ ಬ್ಯಾಡ" ಎಂದು ಮಗನ ಕೈ ಹಿಡಿದು ಅತ್ತಳು.

ಮಗ ಮುರಿಗೆಪ್ಪ ತಾಯಿಯನ್ನೂ ಹೆಂಡತಿಯನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಜಿಲ್ಲೆಯ ಊರಿನಲ್ಲಿ ಹೊಸದಾಗಿ ತೆರೆದಿದ್ದ ನಡಿಗೆ ಕೇಂದ್ರಕ್ಕೆ ಹೋದ. ಅಲ್ಲಿನ ನದಾಫ ಡಾಕ್ಟರು ನಲವತ್ತರ ಹೆಣ್ಣುಮಗಳು, ಮಾತಿನಲ್ಲಿ ಚುರುಕು. ಹಂಪವ್ವನ ಮೊಣಕಾಲು ತಟ್ಟಿ, ಅಂಗಾಲು ಗೀರಿ, ಸೊಂಟಕ್ಕೆ ತಂತಿ ಅಂಟಿಸಿ ಪರದೆಯ ಮುಂದೆ ಕೂತರು. ಪರದೆಯ ಮೇಲೆ ಬೂದು ಗೆರೆಯೊಂದು ಕೆರೆಯ ನೀರಿನಂತೆ ಅಲುಗದೆ ಮಲಗಿತ್ತು.

"ನಿಮ್ಮ ಕಾಲಿಗೆ ರೋಗ ಇಲ್ಲ ಅಜ್ಜಿ. ಬೆನ್ನುಹುರಿ ಬುಡಕ್ಕ, ಇಲ್ಲಿ ಸೊಂಟದಾಗ, ಎಡ-ಬಲ ಎಡ-ಬಲ ಅಂತ ತಾಳ ಹಾಕೋ ಒಂದು ಗಂಟು ಐತಿ. ನಾವು ನಡಿಬೇಕಂದ್ರ ಸಾಕು, ಕಾಲಿಗೆ ಅದ ಹೇಳಿಕೊಡ್ತದ. ನಿಮ್ಮದು ಕೂತು ಕೂತು ತಾಳ ಮರ್ತದ."

"ಈಗ?"

"ಎರಡು ದಾರಿ ಅದಾವ. ಒಂದು, ದಿನಾ ಗ್ವಾಡಿ ಹಿಡಕೊಂಡು ನಿಲ್ಲೂದು, ಕಾಲು ಎತ್ತೂದು ಇಳಸೂದು. ನೋಯ್ತದ, ಅಳು ಬರ್ತದ, ಒಂದು ವರ್ಷನ ಹಿಡೀಬಹುದು. ಇನ್ನೊಂದು ಎರವು. ಆದ್ರ ಎರವು ತಗೊಂಡ್ರೂ ಮೊದಲಿಂದು ಬಿಡಂಗಿಲ್ಲ ಮತ್ತ. ಆರು ತಿಂಗಳದಾಗ ನಿಮ್ಮ ತಾಳ ನೀವ ಎಬ್ಬಿಸಿಕೋಬೇಕು."

ಎರವೆಂದರೆ ಎರಡು ಪಟ್ಟಿ, ಕೊಡುವವರ ಸೊಂಟಕ್ಕೊಂದು, ಪಡೆಯುವವರ ಸೊಂಟಕ್ಕೊಂದು. ಕೊಡುವವರ ಬೆನ್ನಿನಲ್ಲಿ ಹುಟ್ಟುವ ತಾಳವನ್ನು ಅವರ ಕಾಲಿಗಿಳಿಯಲು ಬಿಡದೆ ಮೊದಲ ಪಟ್ಟಿ ಹಿಡಿಯುತ್ತದೆ, ಗಾಳಿಯಲ್ಲಿ ದಾಟಿಸುತ್ತದೆ. ಎರಡನೆಯದು ಅದನ್ನು ಪಡೆದವರ ಕಾಲಿಗೆ ಇಳಿಸುತ್ತದೆ. ಕಾಲುವೆಯ ತೂಬು ಈ ಹೊಲಕ್ಕೆ ತಿರುವಿದರೆ ಆ ಹೊಲಕ್ಕೆ ನೀರಿಲ್ಲದ ಹಾಗೆ. ಹಂಪವ್ವ ನಡೆಯುವಷ್ಟು ಹೊತ್ತು ಕೊಟ್ಟವರು ಕೂತಿರಬೇಕು. ಗೊತ್ತುಮಾಡಿದ ವೇಳೆ ಮುಗಿದ ಮೇಲೆ ಹಂಪವ್ವ ಕೂತ ಕ್ಷಣ ತೂಬು ಮುಚ್ಚುತ್ತದೆ. ನಡೆಯುತ್ತಿರುವಾಗ ಮುಚ್ಚುವುದಿಲ್ಲ, ಬಿದ್ದು ಸೊಂಟ ಮುರಿದುಕೊಂಡಾರೆಂದು.

"ಕೊಡಾವ್ರು ಒಂದು ಮಾತು ಮರೀಬಾರ್ದು" ಎಂದು ಡಾಕ್ಟರು ಬೆರಳೆತ್ತಿದರು. "ಅಷ್ಟೊತ್ತು ಕಾಲು ಕಟ್ಟಿಗಿ ಇದ್ದಂಗ. ಜುಮ್ಮಂದ್ರೂ ಗೊತ್ತಾಗಂಗಿಲ್ಲ, ನೊಂದ್ರೂ ಗೊತ್ತಾಗಂಗಿಲ್ಲ. ಅದಕ್ಕ ಕಾಲು ಉದ್ದಕ ಚಾಚಿ ಕೂಡ್ಬೇಕು. ಮಡಚಿ ಕೂತ್ರ ನರ ಅಮುಕಿ ಸಾಯ್ತದ. ಕೇಳಿಸ್ತಿಲ್ಲೋ?"

ಮೂವರಿಗೂ ಕೇಳಿಸಿತು. ಮಗನ ಗೆರೆ, ಸೊಸೆಯ ಗೆರೆ, ಎರಡೂ ಪರದೆಯ ಮೇಲೆ ಹಸಿರಾಗಿ ಕುಣಿದವು. ಯಾರದ್ದಾದರೂ ನಡೆಯುತ್ತದೆ ಎಂದರು ಡಾಕ್ಟರು. ಮುರಿಗೆಪ್ಪ ತನ್ನದೇ ಆಗಲೆಂಬಂತೆ ಅಂಗಿಯ ತೋಳು ಮೇಲೇರಿಸಿದ. ಹಂಪವ್ವ ಅವನತ್ತ ನೋಡಲೂ ಇಲ್ಲ.

"ಅಂವಾ ನಾಕ ಮಂದ್ಯಾಗ ಅಡ್ಡಾಡಾಂವ. ಇಕಿ ಮನ್ಯಾಗ ಇರಾಕಿ. ಇಕೀದ ಹಾಕ್ರಿ."

"ನೀವೇನಂತೀರಿ?" ಎಂದು ಡಾಕ್ಟರು ಲೀಲಾಳನ್ನು ಕೇಳಿದರು.

"ಅತ್ತಿ ಹೇಳಿದ್ಹಂಗ ಆಗ್ಲಿ ತಗೋರಿ" ಎಂದಳು ಲೀಲಾ.

ಮೊದಲ ದಿನ ಅರ್ಧ ತಾಸು. ಪಟ್ಟಿ ಬೆಚ್ಚಗಾಯಿತು, ಸೊಂಟದೊಳಗೆ ಯಾರೋ ಸಣ್ಣಗೆ ಡೊಳ್ಳು ಬಾರಿಸಿದಂತಾಯಿತು, ಹಂಪವ್ವನ ಬಲಗಾಲು ತಾನಾಗಿ ಮುಂದೆ ಹೋಯಿತು. ಹೆಜ್ಜೆ ಹಗುರವಾಗಿತ್ತು, ಚಿಕ್ಕದಾಗಿತ್ತು, ಕೊಡ ಹೊತ್ತು ಬರುವವಳ ಹೆಜ್ಜೆ. ಹಿತ್ತಲಿಗೆ ಹೋದಳು, ಒಳಗಿಂದ ಚಿಲಕ ಹಾಕಿದಳು, ಆ ಕತ್ತಲಲ್ಲಿ ಗೋಡೆಗೆ ಹಣೆ ಹಚ್ಚಿ ಸುಖದಿಂದ ಬಿಕ್ಕಿದಳು.

ತಿರುಗಿ ಪಡಸಾಲೆಗೆ ಬಂದಾಗ ಲೀಲಾ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಎರಡು ಅಂಗಾಲುಗಳು, ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ನೇರ ಹಂಪವ್ವನ ದಿಂಬಿನ ಕಡೆಗೆ. ಇಪ್ಪತ್ತೊಂದು ವರ್ಷದಲ್ಲಿ ಸೊಸೆಯ ಅಂಗಾಲನ್ನು ಆಕೆ ಕಂಡದ್ದು ಅದೇ ಮೊದಲು. ಏನೂ ಬೈಯಲಿಲ್ಲ.

"ಏನಬೇ, ಕಾಲು?" ಎಂದಳು ಅಷ್ಟೆ.

ಲೀಲಾ ನಾಚಿ ಕೆಂಪಾದಳು. ಕಾಲು ಮಾತು ಕೇಳುವಂತಿರಲಿಲ್ಲ. ಎರಡೂ ಕೈಯಿಂದ ಬಲಗಾಲನ್ನು ಎತ್ತಿ, ಕಟ್ಟಿಗೆ ಮುರಿದಂತೆ ಮಡಚಿ ತೊಡೆಯ ಕೆಳಗೆ ತುರುಕಿದಳು. ಆಮೇಲೆ ಎಡಗಾಲು. ಸೀರೆಯ ಅಂಚು ಎಳೆದು ಮುಚ್ಚಿ, ಅದರ ಮೇಲೆ ತನ್ನ ಮೈಭಾರ ಹಾಕಿ ಕೂತಳು.

ಡಾಕ್ಟರ ಮಾತು ಹಂಪವ್ವನಿಗೆ ನೆನಪಿತ್ತು. ಒಂದು ಶಬ್ದ ಸಾಕಿತ್ತು, ಚಾಚವ್ವಾ ಎಂದರೆ ಮುಗಿದಿತ್ತು. ಆ ಶಬ್ದ ಆಕೆಯ ನಾಲಗೆಯ ತುದಿಗೆ ಬಂದು, ಅಲ್ಲೇ ಎಲೆಅಡಿಕೆಯೊಡನೆ ಸೇರಿ ಅರೆದುಹೋಯಿತು. ಅರ್ಧ ತಾಸಿಗೇನಾಗುತ್ತದೆ, ಮೈ ಗಟ್ಟಿಯಿರುವ ಹುಡುಗಿ ಎಂದುಕೊಂಡಳು.

ಅರ್ಧ ತಾಸು ಒಂದು ತಾಸಾಯಿತು. ಹಿತ್ತಲು ಸಾಲದೆ ಓಣಿ ಬೇಕಾಯಿತು, ಓಣಿ ಸಾಲದೆ ತಂಗಿಯ ಮನೆ. ಹೆಚ್ಚಿಗೆ ವೇಳೆ ಬೇಕಾದರೆ ಕೇಂದ್ರದ ನಿಯಂತ್ರಣ ಕೊಠಡಿಗೆ ಫೋನು ಮಾಡಬೇಕು, ಕೊಡುವವರು ತಮ್ಮ ಬಾಯಿಂದಲೇ ಒಪ್ಪಬೇಕು. ಫೋನು ಹಂಪವ್ವನ ಕೈಯಲ್ಲಿರುತ್ತಿತ್ತು, ಲೀಲಾಳ ಬಾಯಿಯ ಹತ್ತಿರ. "ಆಗ್ಲಿ ತಗೋರಿ" ಎನ್ನುತ್ತಿದ್ದಳು ಲೀಲಾ. ಹೀಗೆ ದಿನಕ್ಕೆ ನಾಲ್ಕು ತಾಸಿಗೆ ಬಂತು. ಗೋಡೆ ಹಿಡಿದು ನಿಲ್ಲುವ ಪಾಠವನ್ನು ಹಂಪವ್ವ ಎರಡೇ ದಿನ ಮಾಡಿದ್ದಳು. ತೊಡೆ ಸುಟ್ಟಂತೆ ಉರಿಯಿತು. ಸಿದ್ಧ ಮಾಡಿಟ್ಟ ನಡಿಗೆ ಮನೆಯಲ್ಲೇ ಇರುವಾಗ ಇದೆಲ್ಲಿಯ ಸಂಕಟ ಎಂದು ಬಿಟ್ಟಳು.

ಎದುರುಮನೆಯ ಪಾರವ್ವ ಒಂದು ದಿನ ಕಟ್ಟೆಯ ಮೇಲಿಂದ ಕೂಗಿದಳು. "ಏನಬೇ ಹಂಪವ್ವಾ, ಸೊಸಿ ಕಾಲು ಹಾಕ್ಕೊಂಡು ಎತ್ತಾಗ ಹೊಂಟಿ?"

"ತಂಗಿ ಮನಿಗೆ. ನಿನಗ ಹೊಟ್ಟಿ ಉರೀತದೇನು?"

"ನನಗ್ಯಾಕ ಉರೀತದ? ನನ್ನ ಸೊಸಿಗೆ ಕೇಳಿದ್ನೆವಾ. 'ನಡಗಿ ಕೊಡ್ತಿಯೇನ' ಅಂದೆ. 'ಮೊದಲ ನಾಲಗಿ ಎರವು ಕೊಡ್ರಿ, ಒಂದಿನರ ನಾನೂ ಬೈತೀನಿ' ಅಂದ್ಳು!"

ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಹಂಪವ್ವ ನಗುತ್ತಲೇ ಓಣಿ ದಾಟಿದಳು. ಮನೆಯೊಳಗೆ ಮಗ್ಗ ಸುಮ್ಮನಿತ್ತು. ನೆಲ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿದು ಕುಪ್ಪಸದ ಖಣ ನೇಯುವ ಮಗ್ಗ ಅದು, ತುಳಿಯುವ ಕಾಲಿಲ್ಲದಿದ್ದರೆ ಕೈಯಿದ್ದೂ ಏನು ಮಾಡೀತು? ಲೀಲಾಳಿಗೆ ಆ ಮಗ್ಗವೆಂದರೆ ಜೀವ. ತೇರಿನ ಅಂಚು, ಸೂಜಿಮಲ್ಲಿಗೆಯ ಬುಟ್ಟಾ, ಎಲ್ಲ ಅವಳ ಕಾಲಿಗೆ ಬಾಯಿಪಾಠ. ಈಗ ಸಂಜೆಯ ಮುಂದೆ ಒಂದೆರಡು ತಾಸು ಕುಣಿಗೆ ಇಳಿಯುತ್ತಿದ್ದಳು. ಹಲಗೆಯ ಸದ್ದು ಮೊದಲಿನಂತಿರಲಿಲ್ಲ. ನಡುನಡುವೆ ಒಂದು ಪೆಟ್ಟು ತಪ್ಪುತ್ತಿತ್ತು.

ಮೂರನೆಯ ತಿಂಗಳು ಲೀಲಾಳ ಎಡಗಾಲಿನ ಚಪ್ಪಲಿ ಉದುರತೊಡಗಿತು. ನಾಲ್ಕು ಹೆಜ್ಜೆಗೊಮ್ಮೆ ಚಪ್ಪಲಿ ಹಿಂದೆ, ಲೀಲಾ ಮುಂದೆ. ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಹಂಪವ್ವ ಪಡಸಾಲೆಯಿಂದ ನೋಡುತ್ತಿದ್ದಳು. ಇಪ್ಪತ್ತೊಂದು ವರ್ಷ ಬಾಗಿಲಲ್ಲಿ ಕೂತು ಹೋಗಿಬರುವವರ ಕಾಲನ್ನೇ ನೋಡಿದ ಕಣ್ಣು ಅದು, ತಪ್ಪುವುದುಂಟೇ? ಬೆರಳು ನೆಲಕ್ಕೆ ಎಳೆಯುತ್ತಿರುವುದು ಕಂಡಿತು. ಯಾಕೆಂದೂ ಗೊತ್ತಾಯಿತು.

ಆ ತಿಂಗಳ ತಪಾಸಣೆಯಲ್ಲಿ ನದಾಫ ಡಾಕ್ಟರು ಪರದೆ ನೋಡಿ ಹುಬ್ಬು ಗಂಟಿಕ್ಕಿದರು. ಲೀಲಾಳ ಬೆನ್ನಿನ ಗೆರೆ ಹಸಿರಾಗಿ, ಸೊಗಸಾಗಿಯೇ ಕುಣಿಯುತ್ತಿತ್ತು. ಮೊಣಕಾಲಿನ ಕೆಳಗಿನ ಗೆರೆ ಮಾತ್ರ ತೆಳುವಾಗಿತ್ತು.

"ಕಾಲು ಚಾಚೇ ಕೂಡ್ತೀರಿಲ್ಲೋ?"

ಲೀಲಾ ಅತ್ತೆಯ ಮುಖ ನೋಡಿದಳು. ಅತ್ತೆಯ ಎದುರು ಅತ್ತೆಯ ಮಾತು ಹೊರಗೆ ಹೇಳುವ ಮನೆಯಲ್ಲಿ ಅವಳು ಬೆಳೆದಿರಲಿಲ್ಲ.

"ಹೂಂನ್ರಿ, ಚಾಚೇ ಕೂಡ್ತಾಳ" ಎಂದಳು ಹಂಪವ್ವ. "ನನ್ನ ಎದುರಿಗೇ ಚಾಚ್ತಾಳ. ನಾ ಏನೂ ಅನ್ನಂಗಿಲ್ಲ."

ಡಾಕ್ಟರು ಲೀಲಾಳನ್ನೇ ಇನ್ನೊಮ್ಮೆ ನೋಡಿದರು. ಲೀಲಾ ತಲೆಬಗ್ಗಿಸಿದಳು. ಅದನ್ನು ಹೌದೆಂದು ಬರೆದುಕೊಂಡರು.

ಎರಡು ತಿಂಗಳು ಕಳೆದವು. ಅವತ್ತು ಹಂಪವ್ವ ತಂಗಿಯ ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ಹೋಗಿ, ಆರು ತಾಸು ಅಡ್ಡಾಡಿ, ಕುಪ್ಪಸದ ಖಣ ಉಡಿ ತುಂಬಿಸಿಕೊಂಡು ಬಂದಿದ್ದಳು. ಬಂದು ಕೂತಳು, ತೂಬು ಮುಚ್ಚಿತು. ಲೀಲಾ ಗೋಡೆ ಹಿಡಿದು ಎದ್ದು ಮಗ್ಗದ ಕುಣಿಗೆ ಇಳಿದಳು. ಹಲಗೆಯ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ದನಿ ಬಂತು.

"ರೀ, ಕಾಲು ಬರವಲ್ಲವು."

ಮುರಿಗೆಪ್ಪ ಓಡಿ ಬಂದು ತೋಳು ಹಿಡಿದೆತ್ತಿದ. ಎರಡೂ ಪಾದ ಒದ್ದೆ ಬಟ್ಟೆಯಂತೆ ಜೋಲಾಡುತ್ತಿದ್ದವು. ಮೊಣಕಾಲಿನ ಹೊರಮಗ್ಗುಲಲ್ಲಿ, ತೊಡೆಯ ಹಿಂದೆ, ಮಡಿಕೆ ಬಿದ್ದಲ್ಲೆಲ್ಲ ಕಪ್ಪು ಕಂದಿದ ಪಟ್ಟೆ. ಅವನು ಆ ಪಟ್ಟೆಗಳನ್ನು ನೋಡಿದ, ಆಮೇಲೆ ತಾಯಿಯ ಕಡೆ ನೋಡಿದ.

ಮರುದಿನ ಬೆಳಿಗ್ಗೆ ಮತ್ತೆ ವ್ಯಾನು. ಹೊರಡುವ ಮೊದಲು ಹಂಪವ್ವ ಲೀಲಾಳಿಗೂ ಪಟ್ಟಿ ಕಟ್ಟಿಸಿ, ತಾನೂ ಕಟ್ಟಿಕೊಂಡಳು. "ಅಕಿನ್ನ ಎತ್ತಾಂವ ನೀ ಒಬ್ಬ. ನನ್ನ ಯಾರು ಎತ್ತಾವ್ರು? ನಾ ನಡದ ಬರ್ತೀನಿ" ಎಂದಳು. ಗಾಲಿಕುರ್ಚಿಯಲ್ಲಿ ಲೀಲಾ, ಅವಳ ಪಕ್ಕದಲ್ಲಿ ಅವಳದೇ ಹೆಜ್ಜೆ ಹಾಕುತ್ತ ಹಂಪವ್ವ, ಹೀಗೆ ಕೇಂದ್ರದೊಳಗೆ ಬಂದರು.

ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಕೊನೆಗೆ ಲೀಲಾಳ ಪಾದವನ್ನು ತಮ್ಮ ಮಡಿಲಲ್ಲಿಟ್ಟುಕೊಂಡೇ ಮಾತಾಡಿದರು.

"ಮಡಚೇ ಕೂತಾರ. ತಿಂಗಳುಗಟ್ಟಲೆ. ನರ ಎರಡೂ ಕಡೆ ಅಮುಕಿ ಹೋಗ್ಯಾವ. ಬೆನ್ನಿನ ತಾಳ ಮಾತ್ರ ಭೇಷಿ ಐತಿ. ಅದನ್ನ ಇವತ್ತಿಂದ ಪೂರಾ ಇವರ ಕಾಲಿಗೇ ಹರಸಬೇಕು, ಹಗಲೂ ರಾತ್ರಿ. ಆಗ ನರ ಚಿಗುರಿದ್ರ ಚಿಗುರಬಹುದು. ಅರ್ಧಕ್ಕರ್ಧ ಆಸೆ. ಒಂದು ದಿನ ತಡ ಮಾಡಿದ್ರ ಅಷ್ಟು ಕಡಿಮಿ."

"ಚಿಗುರಲಿಲ್ಲಂದ್ರ?" ಎಂದಳು ಹಂಪವ್ವ.

"ಇಲ್ಲ ಅಂದ್ರ ಇಲ್ಲ, ಅಜ್ಜಿ."

"ಹಂಗಾರ ಆ ತಾಳ ಅಕಿ ಬೆನ್ನಾಗ ಸುಮ್ಮ ಕೊಳೀತದಲ್ಲ. ನಾನರ ನಡೀತಿದ್ದೆ."

ಡಾಕ್ಟರು ಲೀಲಾಳ ಕಡೆ ತಿರುಗಿದರು. ಈ ಸಲ ಅವರು ಹಂಪವ್ವನಿಗೆ ಬೆನ್ನು ಕೊಟ್ಟು, ನಡುವೆ ಅಡ್ಡ ನಿಂತರು. "ನೀವು ಹೇಳ್ರಿ. ನಿಮ್ಮ ಬಾಯಿಂದ."

ಲೀಲಾ ತನ್ನ ಸತ್ತ ಪಾದವನ್ನು ನೋಡಿಕೊಂಡಳು.

"ನನ್ನ ನಡಗಿ ನನಗ ಬೇಕ್ರಿ."

ಡಾಕ್ಟರು ಪರದೆಯ ಕೆಳಗಿನ ಗುಂಡಿ ಒತ್ತಿದರು. ಹಂಪವ್ವನ ಪಟ್ಟಿಯ ಮೇಲಿನ ಹಸಿರು ದೀಪ ಕೆಂಪಾಯಿತು. "ಮುಗೀತು. ಅಜ್ಜಿ, ಬರ್ರಿ, ಈ ಕುರ್ಚಿ ಮ್ಯಾಲೆ ಕೂಡ್ರಿ. ನೀವು ಕೂತ ಕೂಡಲೇ ತೂಬು ಮುಚ್ಚತದ."

ಹಂಪವ್ವ ಕುರ್ಚಿಯನ್ನು ನೋಡಿದಳು. ಮಗನನ್ನು ನೋಡಿದಳು. ಆಮೇಲೆ ತಿರುಗಿ, ಬಾಗಿಲು ನೂಕಿ, ಹೊರಗೆ ನಡೆದುಬಿಟ್ಟಳು.

ಕೇಂದ್ರದ ಅಂಗಳದಲ್ಲಿ ಹತ್ತು ಹನ್ನೆರಡು ಮುದುಕರು ಕಬ್ಬಿಣದ ಸರಳು ಹಿಡಿದು ನಡಿಗೆ ಕಲಿಯುತ್ತಿದ್ದರು. ಒಬ್ಬೊಬ್ಬರ ಹೆಜ್ಜೆಗೂ ಒಂದೊಂದು ಹಾಡುಪಾಡು. ಅವರ ಸುತ್ತ ನೀರಿನ ಟ್ಯಾಂಕು, ಸೈಕಲ್ಲು ನಿಲ್ಲಿಸುವ ತಗಡಿನ ಚಪ್ಪರ, ಮುಖ್ಯ ಬಾಗಿಲು, ಮತ್ತೆ ಟ್ಯಾಂಕು. ಹಂಪವ್ವ ಒಂದು ಸುತ್ತು ಹಾಕಿದಳು, ಎರಡು, ಐದು. ಸರಳು ಹಿಡಿದ ಮುದುಕನೊಬ್ಬ ಬೊಚ್ಚುಬಾಯಿ ತೆರೆದ.

"ಯಬೇ, ಓಟದ ಪಂದ್ಯಕ್ಕ ಹೆಸರು ಕೊಟ್ಟಿಯೇನ? ನಮಗೂ ಒಂದಿಷ್ಟು ಕಲಸು!"

"ನೀ ಸರಳು ಬಿಡು, ಆಮ್ಯಾಲ ಮಾತಾಡು" ಎಂದು ಹಂಪವ್ವ ದಾಟಿ ಹೋದಳು.

ಹಿಂದೆ ಮುರಿಗೆಪ್ಪ. "ಯವ್ವಾ, ಕೂಡಬೇ. ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ."

"ಬೀಳಬ್ಯಾಡ. ಅಡ್ಡ ಬರ್ತಿ."

ಹಿಡಿದು ನಿಲ್ಲಿಸಲು ಎಲ್ಲರಿಗೂ ಭಯ. ಕಾಲು ನಡೆಯುತ್ತಲೇ ಇರುವಾಗ ಮೈ ಹಿಡಿದೆಳೆದರೆ ಎಲುಬು ಉಳಿಯುವುದಿಲ್ಲ ಎಂದು ಡಾಕ್ಟರು ಮೆಟ್ಟಿಲಲ್ಲೇ ಅವರನ್ನು ತಡೆದಿದ್ದರು. ಬಿಸಿಲು ನೆತ್ತಿಗೆ ಬಂತು. ನೀರು ಕೊಟ್ಟರೆ ನಡೆಯುತ್ತಲೇ ಕುಡಿದಳು, ಅರ್ಧ ಎದೆಯ ಮೇಲೆ ಚೆಲ್ಲಿತು. ಲೀಲಾಳ ಗಾಲಿಕುರ್ಚಿಯನ್ನು ಯಾರೋ ಜಗುಲಿಗೆ ತಂದು ನಿಲ್ಲಿಸಿದ್ದರು. ಪ್ರತಿ ಸುತ್ತಿನಲ್ಲೂ ಹಂಪವ್ವ ಅವಳ ಮುಂದೆ ಹಾಯಲೇಬೇಕಿತ್ತು.

"ಅತ್ತಿ" ಎಂದಳು ಲೀಲಾ ಹದಿನಾರನೆಯ ಸುತ್ತಿನಲ್ಲಿ. "ಮಡಚಿ ಕೂತರ ಹಿಂಗಾಗ್ತದಂತ ನಿಮಗ ಗೊತ್ತಿತ್ತು."

ಹಂಪವ್ವ ದಾಟಿ ಹೋದಳು. ಟ್ಯಾಂಕು, ಚಪ್ಪರ, ಬಾಗಿಲು ಸುತ್ತಿ ಬಂದ ಮೇಲೆ ಉತ್ತರ ಕೊಟ್ಟಳು.

"ನಿನಗೂ ಗೊತ್ತಿತ್ತು."

ಮತ್ತೊಂದು ಸುತ್ತು.

"ನಿಮ್ಮ ಮಾತಿಗೆ ಹೆದರಿ ಮಡಚಿದ್ನಿ."

ಮತ್ತೊಂದು ಸುತ್ತು. ಈಗ ಹಂಪವ್ವನ ತೊಡೆಗಳು ಜ್ವರ ಬಂದಂತೆ ನಡುಗುತ್ತಿದ್ದವು. ತಾಳ ಸೊಸೆಯದಾದರೂ ಮಾಂಸ ತನ್ನದೇ, ಇಪ್ಪತ್ತೊಂದು ವರ್ಷ ದುಡಿಯದ ಮಾಂಸ. ತಾಳ ಕರೆಯುತ್ತಿತ್ತು, ಮಾಂಸಕ್ಕೆ ಆಗುತ್ತಿರಲಿಲ್ಲ. ಆದರೂ ಪ್ರತಿ ಹೆಜ್ಜೆಯಲ್ಲೂ ನೆಲ ಅಂಗಾಲಿಗೆ ತಾಗುವ ಆ ಸುಖವನ್ನು ಹೇಗೆ ಬಿಡುವುದು? ಬಿಟ್ಟರೆ ಮತ್ತೆ ಆ ಗೋಡೆ, ಮತ್ತೆ ಇನ್ನೊಬ್ಬರ ಕೈ.

"ನೀ ನಲವತ್ತು ವರ್ಷ ನಡದಿ. ನಾ ಈಗ ಐದು ತಿಂಗಳಾತು. ಹೆಂಗೂ ಕಾಲು ಸತ್ತಾವ, ಅದನ್ನ ತಗೊಂಡು ಏನು ಮಾಡ್ತೀ? ನನಗ ಬಿಡು" ಎಂದಳು. ಅದು ಬೇಡಿಕೆಯಂತೆಯೇ ಬಂತು. ಆಕೆಯ ಕಣ್ಣಲ್ಲಿ ನೀರಿತ್ತು.

ಅದನ್ನು ಕೇಳಿಸಿಕೊಂಡ ಮುರಿಗೆಪ್ಪ ನಿಂತಲ್ಲೇ ನಿಂತ. ತಾಯಿ ಮುಂದಿನ ಸುತ್ತು ಮುಗಿಸಿ ಬರುವ ತನಕ ಹಾಗೇ ನಿಂತಿದ್ದ. ಬಂದ ಕೂಡಲೇ ಎಳೆಯಲಿಲ್ಲ, ಹಿಡಿಯಲೂ ಇಲ್ಲ. ಮಗುವನ್ನೆತ್ತುವಂತೆ ಒಮ್ಮೆಗೇ ನೆಲದಿಂದ ಮೇಲೆತ್ತಿಬಿಟ್ಟ. ಹಂಪವ್ವನ ಕಾಲುಗಳು ಗಾಳಿಯಲ್ಲಿ ಎಡ-ಬಲ ಎಡ-ಬಲ ನಡೆಯುತ್ತಲೇ ಇದ್ದವು. ಆಕೆ ಅವನ ಎದೆಗೆ ಗುದ್ದಿದಳು, ಕಿವಿ ಕಚ್ಚಿದಳು, ಹೆತ್ತ ಹೊಟ್ಟೆಗೆ ಬೆಂಕಿ ಬೀಳಲೆಂದು ಶಪಿಸಿದಳು. ಅವನು ಕಿವಿಯಲ್ಲಿ ರಕ್ತ ಸುರಿಸಿಕೊಂಡೇ ಜಗುಲಿಯ ಮೆಟ್ಟಿಲಿಗೆ ಬಂದು ಆಕೆಯನ್ನು ಕೂರಿಸಿದ.

ಪಟ್ಟಿಯ ದೀಪ ಆರಿತು. ಕಾಲುಗಳು ನಡುಹೆಜ್ಜೆಯಲ್ಲೇ ನಿಂತು, ಜೋತುಬಿದ್ದವು.

ಎಲ್ಲರೂ ಲೀಲಾಳ ಕಡೆ ನೋಡಿದರು. ಅವಳು ಸೊಂಟದಲ್ಲಿ ಏನೋ ಇಳಿದು ಬಂದಂತೆ ಬೆಚ್ಚಿದಳು. ಕುರ್ಚಿಯ ಕೈ ಬಿಗಿಹಿಡಿದು, ತುಟಿ ಕಚ್ಚಿ, ತನ್ನ ಪಾದವನ್ನೇ ದಿಟ್ಟಿಸಿದಳು. ಹಣೆಯಲ್ಲಿ ಬೆವರು ಮೂಡಿತು. ಕಾಲುಂಗುರದ ಬೆರಳು ಅಲುಗಲಿಲ್ಲ.

"ಇವತ್ತೇ ಬರಂಗಿಲ್ಲವಾ" ಎಂದರು ಡಾಕ್ಟರು ಮೆಲ್ಲಗೆ. "ತಾಳ ಬಂದೈತಿ. ಕಾಲು ಕೇಳಿಸ್ಕೋಬೇಕು. ಮನಿಗೆ ಕರಕೊಂಡು ಹೋಗ್ರಿ, ವಾರಕ್ಕೆರಡು ಸಲ ಬರ್ರಿ." ಆಮೇಲೆ ಮೆಟ್ಟಿಲ ಕಡೆ ನೋಡಿ ದನಿ ಬದಲಾಯಿಸಿದರು. "ಅಜ್ಜೀನ್ನ ಬೇಕಾದ್ರ ಇಲ್ಲೇ ಬಿಡ್ರಿ. ಸರಳು ಹಿಡಕೊಂಡು ಕಲೀಲಿ. ಮನ್ಯಾಗ ಅವರು ಕಲಿಯಂಗಿಲ್ಲ."

ಮುರಿಗೆಪ್ಪ ಹೆಂಡತಿಯನ್ನು ಎತ್ತಿಕೊಂಡ. ನಿನ್ನೆಯ ತನಕ ತಾಯಿಯ ಎದುರು ಹೆಂಡತಿಯ ಕೈ ಮುಟ್ಟಿದವನಲ್ಲ ಅವನು. ಈಗ ತಾಯಿಯ ಪಕ್ಕದಿಂದಲೇ ಮೆಟ್ಟಿಲಿಳಿದು ಹೋಗಿ, ವ್ಯಾನಿನ ಸೀಟಿನ ಮೇಲೆ ಲೀಲಾಳನ್ನು ಕೂರಿಸಿ, ಒಂದೊಂದೇ ಕಾಲನ್ನು ಎತ್ತಿ ಉದ್ದಕ್ಕೆ ಇಟ್ಟು, ಕೆಳಗೆ ದಿಂಬು ಕೊಟ್ಟ. ಅವನಿಗೆ ಏನೂ ಅವಸರವಿದ್ದಂತೆ ಕಾಣಲಿಲ್ಲ.

ಹಂಪವ್ವ ಮೆಟ್ಟಿಲ ಮೇಲೆ ಕೈಯೂರಿ ಮುಂದೆ ಬಾಗಿದಳು. "ಮುರಿಗ್ಯಾ, ಯಪ್ಪಾ. ನನ್ನ ಯಾವಾಗ ಕರಿಯಾಕ ಬರ್ತಿ?"

ಮುರಿಗೆಪ್ಪ ಉತ್ತರಕ್ಕಾಗಿ ಹೆಂಡತಿಯ ಮುಖ ನೋಡಿದ.

ಲೀಲಾ ವ್ಯಾನಿನ ಕಿಟಕಿಯಿಂದ ಅತ್ತೆಯನ್ನು ನೋಡಿದಳು. ಇಪ್ಪತ್ತೊಂದು ವರ್ಷದ ಮರ್ಯಾದೆಯಲ್ಲಿ ಒಂದು ಎಳೆಯೂ ಕಡಿಮೆ ಮಾಡದೆ, ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು ಹೇಳಿದಳು.

"ಕರಿಯಾಕ ಯಾಕ ಬರಬೇಕ್ರಿ? ಅತ್ತಿ ನಡಕೋಂತ ಬರ್ಲಿ."

ಮುರಿಗೆಪ್ಪ ಬಾಗಿಲು ಹಾಕಿ ವ್ಯಾನು ತಿರುಗಿಸಿದ.